ಕಂಪ್ಯೂಟರ್, ಟಿವಿ ಸಮೇತ ಬೇರೆ ದೇಶಕ್ಕೆ: ಯಾವುದನ್ನು ಒಯ್ಯಬೇಕು, ಹೇಗೆ ಕಟ್ಟಬೇಕು

ಬೇರೆ ದೇಶಕ್ಕೆ ಮನೆ ಬದಲಿಸುವಾಗ ಕಂಪ್ಯೂಟರ್, ಟಿವಿಗಳ ಮಾತು ಬಂದರೆ ಹೆಚ್ಚಿನವರು ಮೊದಲು ಕೇಳುವುದು ಸಾಗಣೆಗೆ ಎಷ್ಟಾಗುತ್ತದೆ ಎಂದು. ಅದಕ್ಕೂ ಮುಂಚೆ ಕೇಳಬೇಕಾದದ್ದು ಬೇರೆಯೇ ಇದೆ. ಈ ಸಾಮಾನು ಅಲ್ಲಿ ಕೆಲಸ ಮಾಡುತ್ತದಾ? ಉತ್ತರ ಹುಡುಕಿಕೊಂಡು ಎಲ್ಲೂ ಹೋಗಬೇಕಿಲ್ಲ. ಪ್ರತಿ ಸಾಮಾನಿನ ಹಿಂಭಾಗದಲ್ಲೋ ಅಡಿಯಲ್ಲೋ ಅಡಾಪ್ಟರ್ ಮೇಲೋ ಒಂದು ಪುಟ್ಟ ಲೇಬಲ್ ಇರುತ್ತದೆ. ಅಕ್ಷರ ತೀರಾ ಸಣ್ಣದು. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿರುವ ಕರೆಂಟಿನ ಸಾಮಾನುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಟ್ಟುಹೋಗುವುದೇ ಲಾಭ. ಉಳಿದದ್ದನ್ನು ಸರಿಯಾಗಿ ಒಯ್ದರೆ ಸಾಕು.

ಲೇಬಲ್ ಓದಿ ಗುಂಪು ಮಾಡಿ

ಲೇಬಲ್‌ನಲ್ಲಿ ‘ಇನ್‌ಪುಟ್’ ಎಂಬುದರ ಮುಂದೆ ಏನಿದೆ ನೋಡಿ. 100–240 ವೋಲ್ಟ್, 50/60 ಹರ್ಟ್ಜ್ ಎಂದಿದ್ದರೆ ಚಿಂತೆ ಇಲ್ಲ. (ಹರ್ಟ್ಜ್ ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ.) ಯಾವ ದೇಶದ ಮನೆ ಕರೆಂಟಿಗೂ ಅದು ಹೊಂದಿಕೊಳ್ಳುತ್ತದೆ, ಪ್ಲಗ್ ಮಾತ್ರ ಬದಲಾಗಬೇಕು. ಲ್ಯಾಪ್‌ಟಾಪ್ ಮತ್ತು ಫೋನ್ ಚಾರ್ಜರ್, ಕ್ಯಾಮೆರಾ ಚಾರ್ಜರ್, ಹೆಚ್ಚಿನ ಮಾನಿಟರ್‌ಗಳು, ರೌಟರ್ ಅಡಾಪ್ಟರ್‌ಗಳು ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತವೆ.

120 ವೋಲ್ಟ್, 60 ಹರ್ಟ್ಜ್ ಎಂದೋ, 230 ವೋಲ್ಟ್, 50 ಹರ್ಟ್ಜ್ ಎಂದೋ ಒಂದೇ ಅಂಕಿ ಇದ್ದರೆ ಯೋಚಿಸಬೇಕು. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್, 60 ಹರ್ಟ್ಜ್. ಯುರೋಪ್, ಭಾರತ, ಆಸ್ಟ್ರೇಲಿಯಾಗಳಲ್ಲಿ 230 ವೋಲ್ಟ್, 50 ಹರ್ಟ್ಜ್. ದಕ್ಷಿಣ ಕೊರಿಯಾದಲ್ಲಿ 220 ವೋಲ್ಟ್ ಇದ್ದರೂ 60 ಹರ್ಟ್ಜ್. ಜಪಾನ್‌ನದು ಇನ್ನೂ ವಿಚಿತ್ರ: ದೇಶವಿಡೀ 100 ವೋಲ್ಟ್, ಆದರೆ ಪೂರ್ವ ಭಾಗದಲ್ಲಿ 50 ಹರ್ಟ್ಜ್, ಪಶ್ಚಿಮದಲ್ಲಿ 60. ಬ್ರೆಜಿಲ್‌ನಲ್ಲಿ ಕೆಲವು ಊರುಗಳಲ್ಲಿ 127 ವೋಲ್ಟ್, ಕೆಲವು ಊರುಗಳಲ್ಲಿ 220. ಅಲ್ಲಿಗೆ ಹೋಗುವವರು ದೇಶದ ಹೆಸರಿನ ಜೊತೆ ಊರಿನ ಹೆಸರನ್ನೂ ಹಿಡಿದು ವಿಚಾರಿಸಬೇಕು.

ವೋಲ್ಟೇಜ್ ಹೆಚ್ಚು ಕಡಿಮೆ ಮಾಡಲು ಟ್ರಾನ್ಸ್‌ಫಾರ್ಮರ್ ಇದೆ. ಹರ್ಟ್ಜ್ ಅನ್ನು ಅದು ಬದಲಿಸುವುದಿಲ್ಲ. ಇದನ್ನು ಮರೆತು ಮೋಸಹೋಗುವವರೇ ಜಾಸ್ತಿ. ಕರೆಂಟಿನ ಹರ್ಟ್ಜ್ ನಂಬಿ ತಿರುಗುವ ಮೋಟಾರಿಗೆ 60ರ ಬದಲು 50 ಕೊಟ್ಟರೆ ಆರರಲ್ಲಿ ಒಂದು ಭಾಗ ನಿಧಾನವಾಗುತ್ತದೆ. ಹಳೆಯ ರೆಕಾರ್ಡ್ ಪ್ಲೇಯರ್‌ನಲ್ಲಿ ಹಾಡು ಎಳೆದೆಳೆದು ಬರುತ್ತದೆ. ಇಂಥ ಮೋಟಾರಿನ ಗಡಿಯಾರ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. 60 ಹರ್ಟ್ಜ್‌ಗೆಂದೇ ಮಾಡಿದ ಮೈಕ್ರೋವೇವ್ ಒಲೆಯ ಒಳಗಿನ ಟ್ರಾನ್ಸ್‌ಫಾರ್ಮರ್ 50ರಲ್ಲಿ ವಿಪರೀತ ಕಾಯುತ್ತದೆ.

ಹಾಗಾಗಿ ಮೋಟಾರ್ ಇರುವುದು, ಬಿಸಿ ಮಾಡುವುದು ಎರಡನ್ನೂ ಬಿಟ್ಟುಹೋಗಿ. ಫ್ರಿಜ್, ವಾಷಿಂಗ್ ಮಷಿನ್, ಮೈಕ್ರೋವೇವ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಇವೆಲ್ಲ ಇದರಲ್ಲಿ ಬಂದವು. ಎರಡೂ ಕಡೆ ಒಂದೇ ವೋಲ್ಟೇಜ್, ಒಂದೇ ಹರ್ಟ್ಜ್ ಇದ್ದರೆ ಮಾತ್ರ ಇವುಗಳ ಬಗ್ಗೆ ಮರುಯೋಚನೆ ಮಾಡಬಹುದು.

ಟ್ರಾನ್ಸ್‌ಫಾರ್ಮರ್ ಹಾಕಿ ಬಳಸಲು ಯೋಗ್ಯವಾದವು ಕೆಲವೇ ಕೆಲವು. ಒಳ್ಳೆಯ ಆಂಪ್ಲಿಫೈಯರ್, ಸಂಗೀತದ ಕೀಬೋರ್ಡ್, ಮತ್ತೆ ಸಿಗದ ಹಳೆಯ ಯಂತ್ರ ಇಂಥವು. ಕೆಲವು ಆಂಪ್ಲಿಫೈಯರ್‌ಗಳ ಹಿಂದೆ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ, ಮೊದಲು ಅದನ್ನು ಹುಡುಕಿ. ಟ್ರಾನ್ಸ್‌ಫಾರ್ಮರ್ ಕೊಳ್ಳುವುದಾದರೆ ಸಾಮಾನಿನ ವ್ಯಾಟ್‌ಗಿಂತ ಕಾಲು ಭಾಗವಾದರೂ ಜಾಸ್ತಿ ಸಾಮರ್ಥ್ಯದ್ದು ಇರಲಿ. ‘ಟ್ರಾವೆಲ್ ಕನ್ವರ್ಟರ್’ ಎಂದು ಮಾರುವ ಹಗುರವಾದ ಅಗ್ಗದ ಡಬ್ಬಿಗಳಲ್ಲಿ ಹಲವು ಹೇರ್ ಡ್ರೈಯರ್‌ನಂಥ ಹೀಟರ್‌ಗಳಿಗಷ್ಟೇ ಲಾಯಕ್ಕು. ಎಲೆಕ್ಟ್ರಾನಿಕ್ ಸಾಮಾನಿಗೆ ಅವನ್ನು ಹಾಕಲೇಬಾರದು.

ಡೆಸ್ಕ್‌ಟಾಪ್‌ನ ಕೆಂಪು ಸ್ವಿಚ್

ಡೆಸ್ಕ್‌ಟಾಪ್‌ಗೆ ಕರೆಂಟ್ ಹಂಚುವುದು ಕ್ಯಾಬಿನೆಟ್ ಒಳಗಿನ ಎಸ್‌ಎಂಪಿಎಸ್. ಈಗಿನ ಹೆಚ್ಚಿನ ಎಸ್‌ಎಂಪಿಎಸ್‌ಗಳು 100–240 ವೋಲ್ಟ್‌ಗೆ ತಾವೇ ಹೊಂದಿಕೊಳ್ಳುತ್ತವೆ. ಹಳೆಯವುಗಳಲ್ಲಿ, ಕೆಲವು ಅಗ್ಗದವುಗಳಲ್ಲಿ, ಹಿಂದುಗಡೆ ವೈರ್ ಸಿಕ್ಕಿಸುವ ಜಾಗದ ಹತ್ತಿರ 115/230 ಎಂದು ಬರೆದ ಸಣ್ಣ ಕೆಂಪು ಸ್ವಿಚ್ ಇರುತ್ತದೆ. 115ರಲ್ಲಿಟ್ಟ ಎಸ್‌ಎಂಪಿಎಸ್‌ಗೆ 230 ಕೊಟ್ಟರೆ ‘ಢಬ್’ ಎಂಬ ಸದ್ದು, ಸುಟ್ಟ ವಾಸನೆ, ಅಷ್ಟೇ. ಅದರ ಜೊತೆ ಮದರ್‌ಬೋರ್ಡ್ ಕೂಡ ಹೋದರೂ ಹೋಯಿತು. ಉಲ್ಟಾ ಆದರೆ, ಅಂದರೆ 230ರಲ್ಲಿಟ್ಟು 115 ಕೊಟ್ಟರೆ, ಸಾಮಾನ್ಯವಾಗಿ ಕಂಪ್ಯೂಟರ್ ಆನ್ ಆಗುವುದಿಲ್ಲ, ಅಷ್ಟೇ. ಈ ಸ್ವಿಚ್ಚನ್ನು ಪ್ಯಾಕ್ ಮಾಡುವ ಮುಂಚೆಯೇ ಹೋಗುವ ದೇಶದ ವೋಲ್ಟೇಜ್‌ಗೆ ತಿರುಗಿಸಿ, ಮೇಲೆ ಟೇಪ್ ಅಂಟಿಸಿಬಿಡಿ.

ಎಸ್‌ಎಂಪಿಎಸ್‌ಗೂ ಮಾನಿಟರ್‌ಗೂ ಸಿಕ್ಕಿಸುವ ಮೂರು ಪಿನ್ನಿನ ವೈರ್ ಎಲ್ಲ ದೇಶಗಳಲ್ಲೂ ಒಂದೇ ಥರದ್ದು, ಗೋಡೆಯ ಕಡೆಯ ಪ್ಲಗ್ ಮಾತ್ರ ಬೇರೆ. ಅಡಾಪ್ಟರ್‌ಗಳನ್ನು ಹೊತ್ತುಕೊಂಡು ಹೋಗುವ ಬದಲು ಅಲ್ಲಿ ಹೋದಮೇಲೆ ಆ ಊರಿನ ವೈರನ್ನೇ ಕೊಳ್ಳುವುದು ವಾಸಿ. ಅರ್ಥಿಂಗ್ ಸಿಗುತ್ತದೆ ಎನ್ನುವುದೇ ಮುಖ್ಯ ಕಾರಣ. ಎರಡು ಪಿನ್ನಿನ ಅಡಾಪ್ಟರ್ ಹಾಕಿದರೆ ಅರ್ಥಿಂಗ್ ತಪ್ಪಿಹೋಗುತ್ತದೆ. ಆಗ ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿದರೆ ಜುಮ್ ಎನ್ನುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಜನ ಹೆದರುತ್ತಾರೆ. ಹೆಚ್ಚಿನ ಸಲ ಕೆಟ್ಟಿರುವುದಿಲ್ಲ, ಅರ್ಥಿಂಗ್ ಇರುವುದಿಲ್ಲ.

ಸ್ಪೈಕ್ ಬಸ್ಟರ್ ಬೋರ್ಡುಗಳ ಬಗ್ಗೆ ಒಂದು ಎಚ್ಚರಿಕೆ. 120 ವೋಲ್ಟ್‌ನ ಸ್ಪೈಕ್ ಬಸ್ಟರ್ ಒಳಗೆ, ಹೆಚ್ಚುವರಿ ವೋಲ್ಟೇಜ್ ಬಂದರೆ ಅದನ್ನು ತಡೆದು ತಾನು ಹೀರಿಕೊಳ್ಳುವ ಪುಟ್ಟ ಬಿಲ್ಲೆ ಇರುತ್ತದೆ. 230 ವೋಲ್ಟ್‌ನ ಗೋಡೆಗೆ ಸಿಕ್ಕಿಸಿದ ಕ್ಷಣ ಅದಕ್ಕೆ ಬರುವುದೆಲ್ಲ ಹೆಚ್ಚುವರಿಯೇ. ಬಿಲ್ಲೆ ಸುಡುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಇದನ್ನು ಮಾತ್ರ ಖಂಡಿತ ಒಯ್ಯಬೇಡಿ.

ಇಡೀ ಕ್ಯಾಬಿನೆಟ್ಟಾ, ಬಿಡಿಭಾಗಗಳಾ?

ಕೊರಿಯರ್‌ನವರು ತೂಕಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುವುದಿಲ್ಲ, ಪೆಟ್ಟಿಗೆ ತಿನ್ನುವ ಜಾಗಕ್ಕೂ ತೆಗೆದುಕೊಳ್ಳುತ್ತಾರೆ. ವಿಮಾನದ ಕೊರಿಯರ್‌ಗಳಲ್ಲಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ರೂಢಿ. 60, 50, 35 ಸೆಂಟಿಮೀಟರಿನ ಪೆಟ್ಟಿಗೆಗೆ ಇದು 21 ಕೆ.ಜಿ. ಆಗುತ್ತದೆ. ಒಳಗಿನ ಕಂಪ್ಯೂಟರ್ 12 ಕೆ.ಜಿ. ಇದ್ದರೂ ಬಿಲ್ಲು 21ಕ್ಕೇ. ಅಂದರೆ ಕ್ಯಾಬಿನೆಟ್ ಒಳಗಿನ ಖಾಲಿ ಗಾಳಿಗೆ ನೀವು ದುಡ್ಡು ಕೊಡುತ್ತಿದ್ದೀರಿ.

ಅದಕ್ಕೇ ವಿಮಾನದಲ್ಲಿ ಹೋಗುವವರಿಗೆ ನಾನು ಹೇಳುವುದು ಇಷ್ಟು. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಮತ್ತು ರ‍್ಯಾಮ್ ಸಮೇತ ಮದರ್‌ಬೋರ್ಡ್, ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಇವನ್ನು ಬಿಚ್ಚಿಕೊಂಡು ಕೈಬ್ಯಾಗಿನಲ್ಲಿ ಒಯ್ಯಿರಿ. ಕಂಪ್ಯೂಟರಿನ ಬೆಲೆಯಲ್ಲಿ ಹೆಚ್ಚಿನ ಪಾಲು ಇವುಗಳದ್ದೇ, ಜಾಗ ಮಾತ್ರ ತೀರಾ ಕಡಿಮೆ. ಕ್ಯಾಬಿನೆಟ್, ಎಸ್‌ಎಂಪಿಎಸ್, ಹಳೆಯ ಮಾನಿಟರ್ ಹೊರಡುವ ಊರಿನಲ್ಲೇ ಮಾರಿ. ಮನೆ ಸಾಮಾನೆಲ್ಲ ಹಡಗಿನ ಕಂಟೇನರ್‌ನಲ್ಲಿ ಹೋಗುತ್ತಿದ್ದರೆ ಲೆಕ್ಕ ಬೇರೆ. ಅಲ್ಲಿ ಘನ ಮೀಟರ್ ಲೆಕ್ಕ, ಒಂದು ಕ್ಯಾಬಿನೆಟ್ ಜಾಸ್ತಿಯಾದರೆ ಏನೂ ಅನ್ನಿಸುವುದಿಲ್ಲ. ವಾರಗಟ್ಟಲೆ ಕಂಪ್ಯೂಟರ್ ಇಲ್ಲದೆ ಇರಬಲ್ಲಿರಾ ಎನ್ನುವುದಷ್ಟೇ ಪ್ರಶ್ನೆ.

ಬಿಚ್ಚುವ ಮುಂಚೆ ಬ್ಯಾಕಪ್

ಯಂತ್ರ ಒಡೆದರೆ ಇನ್ನೊಂದು ಕೊಳ್ಳಬಹುದು, ಫೋಟೊಗಳನ್ನು ಕೊಳ್ಳಲಾಗದು. ಎರಡು ಬ್ಯಾಕಪ್ ಮಾಡಿ, ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಕಳಿಸಿ. ಒಂದು ನಿಮ್ಮ ಕೈಬ್ಯಾಗಿನ ಡಿಸ್ಕಿನಲ್ಲಿ, ಇನ್ನೊಂದು ಕ್ಲೌಡಿನಲ್ಲೋ ನಂಬಿಕಸ್ಥರ ಮನೆಯಲ್ಲೋ ಇರಲಿ. ಮಾಡಿದ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ವಿಂಡೋಸ್‌ನಲ್ಲಿ ಡಿಸ್ಕಿನಲ್ಲಿರುವುದಕ್ಕೆ ಬೀಗ ಹಾಕಿಡುವ ಬಿಟ್‌ಲಾಕರ್ ಆನ್ ಆಗಿದೆಯೇ ನೋಡಿಕೊಳ್ಳಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಆನ್ ಆಗಿರುವುದು ಮಾಲೀಕರಿಗೇ ಗೊತ್ತಿರುವುದಿಲ್ಲ. ಮದರ್‌ಬೋರ್ಡ್ ಬದಲಾದರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಡಿಸ್ಕ್ ಸರಿಯಾಗಿದ್ದರೂ ಒಳಗಿನದ್ದು ಸಿಗುವುದಿಲ್ಲ. ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ, ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಅಲ್ಲ.

ಬ್ಯಾಂಕ್, ಇಮೇಲ್‌ಗಳ ಓಟಿಪಿ ಹಳೆಯ ದೇಶದ ಸಿಮ್‌ಗೆ ಬರುತ್ತಿದ್ದರೆ ಅದಕ್ಕೂ ಈಗಲೇ ಬೇರೆ ದಾರಿ ಮಾಡಿಕೊಳ್ಳಿ. ನಂಬರ್ ಬಂದ್ ಆದಮೇಲೆ ಪರದಾಡುವುದು ಬೇಡ.

ಬಿಚ್ಚುವುದು, ಕಟ್ಟುವುದು

ಮೊದಲು ಎಲ್ಲವನ್ನೂ ಆನ್ ಮಾಡಿ, ಪರದೆ ಉರಿಯುತ್ತಿರುವಾಗಲೇ ಫೋಟೊ ತೆಗೆಯಿರಿ. ಸೀರಿಯಲ್ ನಂಬರ್ ಕಾಣುವ ಹಾಗೆ ಇನ್ನೊಂದು ತೆಗೆಯಿರಿ. ಮುಂದೆ ವಿಮೆಯವರ ಹತ್ತಿರ ಮಾತಾಡಬೇಕಾದರೆ ಇದೇ ಸಾಕ್ಷಿ. ಹಿಂದುಗಡೆಯ ವೈರುಗಳು ಸಿಕ್ಕಿಸಿದ ಸ್ಥಿತಿಯಲ್ಲೂ ಒಂದು ಫೋಟೊ ಇರಲಿ.

ಕ್ಯಾಬಿನೆಟ್ ಇಡಿಯಾಗಿ ಹೋಗುವುದಾದರೂ ಗ್ರಾಫಿಕ್ಸ್ ಕಾರ್ಡ್ ಒಳಗೆ ಇರಬಾರದು. ದೊಡ್ಡ ಕಾರ್ಡುಗಳು ಒಂದು ಕೆ.ಜಿ.ಗಿಂತ ಭಾರ, ಅಡ್ಡಡ್ಡ ನೇತಾಡುತ್ತಿರುತ್ತವೆ. ಪೆಟ್ಟಿಗೆ ಒಮ್ಮೆ ಧೊಪ್ಪನೆ ಬಿದ್ದರೆ ಕಾರ್ಡಿನ ಜೊತೆ ಮದರ್‌ಬೋರ್ಡಿನ ಸ್ಲಾಟೂ ಕಿತ್ತು ಬರಬಹುದು. ಪ್ರೊಸೆಸರ್ ಮೇಲೆ ಗೋಪುರದಂಥ ದೊಡ್ಡ ಕೂಲರ್ ಇದ್ದರೆ ಅದನ್ನೂ ತೆಗೆಯಿರಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಎಂಡಿ ಕಂಪನಿಯ ಎಎಂ4 ಸಾಕೆಟ್‌ನ ಪ್ರೊಸೆಸರ್‌ಗಳಲ್ಲಿ ಪಿನ್ನುಗಳು ಪ್ರೊಸೆಸರ್‌ಗೇ ಇರುತ್ತವೆ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿದ್ದರೆ, ಕೂಲರ್ ಎಳೆದಾಗ ಪ್ರೊಸೆಸರ್ ಕೂಡ ಅದಕ್ಕೇ ಅಂಟಿಕೊಂಡು ಹೊರಬಂದು ಪಿನ್ನು ಸೊಟ್ಟಗಾಗುತ್ತವೆ. ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಡಿ. ಆಮೇಲೆ ಆಫ್ ಮಾಡಿ, ವೈರ್ ತೆಗೆದು, ಕೂಲರನ್ನು ಆಚೆ ಈಚೆ ಮೆಲ್ಲಗೆ ತಿರುಗಿಸುತ್ತಾ ಬಿಡಿಸಿ. ನೇರ ಮೇಲಕ್ಕೆ ಎಳೆಯಬೇಡಿ. ಮತ್ತೆ ಜೋಡಿಸುವಾಗ ಹೊಸ ಪೇಸ್ಟ್ ಬೇಕಾಗುತ್ತದೆ, ಒಂದು ಸಣ್ಣ ಟ್ಯೂಬ್ ಇಟ್ಟುಕೊಳ್ಳಿ.

ಕ್ಯಾಬಿನೆಟ್‌ಗೆ ಗಾಜಿನ ಬಾಗಿಲಿದ್ದರೆ ಬಿಚ್ಚಿ ಬೇರೆಯಾಗಿ ಸುತ್ತಿ. ಅದು ಟೆಂಪರ್ಡ್ ಗಾಜು. ಮಧ್ಯದಲ್ಲಿ ಗುದ್ದಿದರೆ ತಡೆದುಕೊಳ್ಳುತ್ತದೆ, ಮೂಲೆಗೆ ಒಂದು ಪೆಟ್ಟು ಬಿದ್ದರೆ ಪೂರ್ತಿ ಪುಡಿಪುಡಿ. ನಾಲ್ಕು ಮೂಲೆಗೂ ದಪ್ಪ ಫೋಮ್ ಕೊಡಿ.

ಎಸ್‌ಎಂಪಿಎಸ್‌ನ ವೈರುಗಳು ಕಳಚಿ ಬರುವಂಥವಾಗಿದ್ದರೆ, ಆ ವೈರುಗಳನ್ನು ಅದೇ ಎಸ್‌ಎಂಪಿಎಸ್ ಜೊತೆ ಕಟ್ಟಿಡಿ. ಎಸ್‌ಎಂಪಿಎಸ್ ಮಾರಿದರೆ ವೈರುಗಳನ್ನೂ ಅದರ ಜೊತೆಗೇ ಕೊಟ್ಟುಬಿಡಿ. ಬೇರೆ ಕಂಪನಿಯ ಎಸ್‌ಎಂಪಿಎಸ್‌ಗೆ ಈ ವೈರುಗಳು ಸರಿಯಾಗಿ ಕೂತರೂ ಒಳಗಿನ ಜೋಡಣೆ ಬೇರೆ ಇರುತ್ತದೆ. ತಪ್ಪು ವೈರ್ ಹಾಕಿದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಹಾರ್ಡ್ ಡಿಸ್ಕ್ ಸಾಯುತ್ತದೆ. ಪ್ರಯಾಣವನ್ನು ತಾಳಿಕೊಂಡ ಡಿಸ್ಕ್ ಹೊಸ ಮನೆಯಲ್ಲಿ ಹೀಗೆ ಸತ್ತರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಬಿಡಿಭಾಗಗಳನ್ನು ಮೊದಲು ಸ್ಥಿರ ವಿದ್ಯುತ್ತಿನಿಂದ ಕಾಪಾಡುವ ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಆಮೇಲೆ ಬಬಲ್ ರ‍್ಯಾಪ್ ಸುತ್ತಿ. ಸಾಮಾನ್ಯ ಬಬಲ್ ರ‍್ಯಾಪ್, ಥರ್ಮಾಕೋಲ್ ಗುಂಡುಗಳು ಬರಿ ಬೋರ್ಡಿಗೆ ತಾಗಬಾರದು, ತಿಕ್ಕಾಟದಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಕ್ಯಾಬಿನೆಟ್ ಒಳಗೆ ಖಾಲಿ ಜಾಗಕ್ಕೆ ಮೆತ್ತನೆಯ ಆಂಟಿಸ್ಟ್ಯಾಟಿಕ್ ಫೋಮ್ ತುಂಬಿದರೆ ಒಳ್ಳೆಯದು. ತುಂಬಿದ ಮೇಲೆ, ಹಿಂದೆ ವೈರ್ ಸಿಕ್ಕಿಸುವ ತೂತಿನ ಮೇಲೇ ಒಂದು ಚೀಟಿ ಅಂಟಿಸಿ: ‘ಒಳಗಿನ ಫೋಮ್ ತೆಗೆಯದೆ ಆನ್ ಮಾಡಬೇಡಿ’. ಬೇರೆಲ್ಲಿ ಅಂಟಿಸಿದರೂ ಹೊಸ ಮನೆಯ ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ.

ಹೊರಗೆ ಎರಡು ಪೆಟ್ಟಿಗೆ ಬೇಕು. ಒಳಪೆಟ್ಟಿಗೆಗೂ ಹೊರಪೆಟ್ಟಿಗೆಗೂ ನಡುವೆ ಎಲ್ಲ ಕಡೆ ಕನಿಷ್ಠ 5 ಸೆಂಟಿಮೀಟರ್ ಮೆತ್ತೆ ಇರಲಿ. ಮುಚ್ಚಿದ ಮೇಲೆ ಎತ್ತಿ ಅಲ್ಲಾಡಿಸಿ, ಒಳಗೆ ಏನಾದರೂ ಸರಿದಾಡಿದ ಸದ್ದು ಬಂದರೆ ಮತ್ತೆ ಬಿಚ್ಚಿ ತುಂಬಿ. ಹಡಗಿನಲ್ಲಿ ಹೋಗುವುದಾದರೆ ಪ್ಲಾಸ್ಟಿಕ್ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಗಾಳಿಯಾಡದಂತೆ ಟೇಪ್ ಹಾಕಿ. ಹಗಲು ಬಿಸಿ, ರಾತ್ರಿ ತಂಪು ಆಗುತ್ತಾ ಕಂಟೇನರ್‌ನ ಚಾವಣಿಯಲ್ಲಿ ನೀರು ಹನಿಗಟ್ಟಿ ಕೆಳಗಿನ ಪೆಟ್ಟಿಗೆಗಳ ಮೇಲೆ ತೊಟ್ಟಿಕ್ಕುವುದು ಅಲ್ಲಿ ಮಾಮೂಲು.

ಮಾನಿಟರ್, ಟಿವಿಗಳನ್ನು ಯಾವಾಗಲೂ ನಿಲ್ಲಿಸಿಯೇ ಸಾಗಿಸಬೇಕು, ಮಲಗಿಸಬಾರದು. ಕೊಂಡಾಗ ಬಂದ ಪೆಟ್ಟಿಗೆ, ಫೋಮ್ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಪ್ರಿಂಟರ್? ಶಾಯಿ ಚೆಲ್ಲುತ್ತದೆ. ಕೆಲವು ಕಂಪನಿಗಳ ಪ್ರಿಂಟರ್‌ಗಳು ಬೇರೆ ದೇಶದ ಕಾರ್ಟ್ರಿಜ್ ಒಪ್ಪುವುದೂ ಇಲ್ಲ. ಸುಮ್ನೆ ಯಾರಿಗಾದರೂ ಕೊಟ್ಟುಬಿಡಿ.

ಟಿವಿ, ಡಿಸ್ಕ್, ತಂತಿ ಇಲ್ಲದ ಸಾಮಾನು

ಟಿವಿಗೆ ಕರೆಂಟ್ ಹೊಂದಿದರೂ ಪ್ರಸಾರ ಹೊಂದದೆ ಇರಬಹುದು. ಆಂಟೆನಾದಿಂದ ಬರುವ ಡಿಜಿಟಲ್ ಪ್ರಸಾರಕ್ಕೆ ಅಮೆರಿಕ, ಕೆನಡಾ, ಮೆಕ್ಸಿಕೊ, ದಕ್ಷಿಣ ಕೊರಿಯಾಗಳಲ್ಲಿ ಎಟಿಎಸ್‌ಸಿ ಪದ್ಧತಿ ಇದೆ. ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಡಿವಿಬಿ-ಟಿ ಕುಟುಂಬದ್ದು, ಜಪಾನ್, ಬ್ರೆಜಿಲ್‌ಗಳಲ್ಲಿ ಐಎಸ್‌ಡಿಬಿ-ಟಿ, ಚೀನಾದಲ್ಲಿ ಡಿಟಿಎಂಬಿ. ಒಂದರ ಟ್ಯೂನರ್ ಇನ್ನೊಂದನ್ನು ಹಿಡಿಯುವುದಿಲ್ಲ. ನೀವು ನೋಡುವುದೆಲ್ಲ ಇಂಟರ್ನೆಟ್ಟಿನಲ್ಲೇ, ಸೆಟ್‌ಟಾಪ್ ಪೆಟ್ಟಿಗೆಯನ್ನು ಎಚ್‌ಡಿಎಂಐಗೆ ಸಿಕ್ಕಿಸುತ್ತೀರಿ ಎಂದಾದರೆ ಇದು ತೊಂದರೆಯೇ ಅಲ್ಲ.

ಡಿವಿಡಿ ಸಂಗ್ರಹ ಇದ್ದವರಿಗೆ ಪ್ರದೇಶ ಸಂಕೇತದ ಕಾಟ ಇದೆ: ಒಂದು ಪ್ರದೇಶದ ಡಿಸ್ಕ್ ಸಾಮಾನ್ಯವಾಗಿ ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡುವುದಿಲ್ಲ. ಡಿವಿಡಿಗೆ ಪ್ರಪಂಚವನ್ನು ಆರು ಪ್ರದೇಶಗಳಾಗಿ ಹಂಚಿದ್ದಾರೆ, ಬ್ಲೂ-ರೇಗೆ ಮೂರು. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ಪ್ರದೇಶ ಬದಲಿಸಲು ಸಾಮಾನ್ಯವಾಗಿ ಐದೇ ಅವಕಾಶ, ಆಮೇಲೆ ಅದು ಕೊನೆಯದಕ್ಕೇ ಗಟ್ಟಿಯಾಗುತ್ತದೆ. ಪ್ಲೇಯರನ್ನೂ ಡಿಸ್ಕುಗಳನ್ನೂ ಒಟ್ಟಿಗೆ ಒಯ್ಯುವುದು ಸುಲಭದ ದಾರಿ.

ಕಾರ್ಡ್‌ಲೆಸ್ ಫೋನು ಒಯ್ಯಬೇಡಿ. ಡೆಕ್ಟ್ ಎಂಬ ಪದ್ಧತಿಯ ಕಾರ್ಡ್‌ಲೆಸ್ ಫೋನುಗಳಲ್ಲಿ ಅಮೆರಿಕದವು 1920–1930 ಮೆಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತವೆ, ಯುರೋಪಿನವು 1880–1900ರಲ್ಲಿ. ಅಮೆರಿಕದ ಫೋನನ್ನು ಯುರೋಪಿನಲ್ಲಿ ಹಚ್ಚಿದರೆ ಮೊಬೈಲ್ ಕಂಪನಿಗಳಿಗೆ ಕೊಟ್ಟ ಫ್ರೀಕ್ವೆನ್ಸಿಗೆ ಅಡ್ಡ ಬರುತ್ತದೆ, ಅದು ಕಾನೂನು ಬಾಹಿರ. ಮಗು ಅತ್ತರೆ ಬೇರೆ ಕೋಣೆಗೆ ಕೇಳಿಸುವ ಬೇಬಿ ಮಾನಿಟರ್, ವಾಕಿ-ಟಾಕಿಗಳದ್ದೂ ಇದೇ ಕಥೆ. ಡ್ರೋನ್, ಸ್ಯಾಟಲೈಟ್ ಫೋನ್ ಇದ್ದರೆ ಹೋಗುವ ದೇಶದ ಅನುಮತಿ ಇಲ್ಲದೆ ಪೆಟ್ಟಿಗೆಗೆ ಹಾಕಲೇಬೇಡಿ. ವೈಫೈ ರೌಟರ್ ಒಯ್ದರೆ ಸೆಟ್ಟಿಂಗ್‌ನಲ್ಲಿ ದೇಶ ಬದಲಿಸಿ.

ಬ್ಯಾಟರಿಗಳು

ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ವಿಮಾನದಲ್ಲಿ ಕೈಬ್ಯಾಗಿನಲ್ಲೇ ಬರಬೇಕು, ಚೆಕ್-ಇನ್ ಸಾಮಾನಿನಲ್ಲಿ ನಿಷೇಧ. 100 ವ್ಯಾಟ್-ಅವರ್ ತನಕ ಸಾಮಾನ್ಯವಾಗಿ ತೊಂದರೆ ಇಲ್ಲ. 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಎರಡಕ್ಕಿಂತ ಹೆಚ್ಚು ಬಿಡುವುದಿಲ್ಲ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 3.7 ವೋಲ್ಟ್‌ನ 20,000 ಎಂಎಎಚ್ (20 ಆಂಪಿಯರ್-ಅವರ್) ಪವರ್ ಬ್ಯಾಂಕ್ ಅಂದರೆ 74 ವ್ಯಾಟ್-ಅವರ್. ಬಿಡಿ ಬ್ಯಾಟರಿಗಳ ತುದಿಗೆ ಟೇಪ್ ಸುತ್ತಿ. ಯುಪಿಎಸ್ ಬಿಟ್ಟುಹೋಗಿ: ಸೀಸದ ಬ್ಯಾಟರಿಯ ಭಾರ ಒಂದು, ಒಂದೇ ವೋಲ್ಟೇಜಿಗೆ ಕಟ್ಟುಬಿದ್ದಿರುವುದು ಇನ್ನೊಂದು.

ಪಟ್ಟಿ, ವಿಮೆ, ಕಸ್ಟಮ್ಸ್

ಪ್ರತಿ ಪೆಟ್ಟಿಗೆಗೂ ನಂಬರ್ ಹಾಕಿ. ಕಂಪನಿ, ಮಾದರಿ, ಸೀರಿಯಲ್ ನಂಬರ್, ಕೊಂಡ ವರ್ಷ, ಈಗಿನ ಅಂದಾಜು ಬೆಲೆ ಇಷ್ಟನ್ನೂ ಪಟ್ಟಿಯಲ್ಲಿ ಬರೆಯಿರಿ. ‘ಎಲೆಕ್ಟ್ರಾನಿಕ್ಸ್, 1 ಪೆಟ್ಟಿಗೆ’ ಎಂದಷ್ಟೇ ಬರೆದರೆ ಕಸ್ಟಮ್ಸ್‌ನವರು ತೆರೆಯುವುದು ಖಂಡಿತ ಎಂದೇ ಇಟ್ಟುಕೊಳ್ಳಿ. ಕೊಂಡ ಬಿಲ್ಲು ಇದ್ದರೆ ಪ್ರತಿ ಇಟ್ಟುಕೊಳ್ಳಿ, ಏಕೆಂದರೆ ಸುಂಕದ ವಿನಾಯಿತಿ ‘ಬಳಸಿದ ಸಾಮಾನು’ ಎಂಬುದರ ಮೇಲೆ ನಿಂತಿರುತ್ತದೆ. ಯುರೋಪಿಯನ್ ಒಕ್ಕೂಟಕ್ಕೆ ವಾಸ ಬದಲಿಸುವವರ ಸಾಮಾನು ಕನಿಷ್ಠ 6 ತಿಂಗಳು ಅವರ ಬಳಿ ಬಳಕೆಯಲ್ಲಿ ಇದ್ದಿರಬೇಕು. ಅವರು 12 ತಿಂಗಳಾದರೂ ಒಕ್ಕೂಟದ ಹೊರಗೆ ವಾಸವಿದ್ದಿರಬೇಕು, ತಂದದ್ದನ್ನು ಮುಂದಿನ 12 ತಿಂಗಳು ಮಾರುವಂತಿಲ್ಲ. ಅಮೆರಿಕದಲ್ಲಿ ಮನೆ ಸಾಮಾನಿಗೆ ಒಂದು ವರ್ಷದ ಬಳಕೆ ಕೇಳುತ್ತಾರೆ. ಹೊರಡುವ ವಾರ ಹೊಸ ಟಿವಿ ಕೊಳ್ಳುವವರು ಇದನ್ನು ಗಮನಿಸಬೇಕು.

ವಿಮೆಯ ಷರತ್ತು ಓದುವಾಗ ಎರಡು ಸಾಲು ಹುಡುಕಿ. ಒಂದು, ನೀವೇ ಕಟ್ಟಿದ ಪೆಟ್ಟಿಗೆಗೆ ಪರಿಹಾರ ಉಂಟೇ? ಎಷ್ಟೋ ಕಡೆ ಸಾಗಣೆಯವರು ಕಟ್ಟಿದ್ದಕ್ಕೆ ಮಾತ್ರ ಪೂರ್ತಿ ಪರಿಹಾರ. ಎರಡು, ಹೊರಗೆ ಗುರುತು ಇಲ್ಲದೆ ಒಳಗೆ ಕೆಟ್ಟಿದ್ದರೆ ಕೊಡುತ್ತಾರೆಯೇ? ಪೆಟ್ಟಿಗೆ ನೆಟ್ಟಗಿದೆ, ಟಿವಿ ಆನ್ ಆಗುವುದಿಲ್ಲ ಎಂಬ ಸ್ಥಿತಿಗೆ ಬಹಳಷ್ಟು ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ದುಬಾರಿ ಸಾಮಾನಿಗೆ ಆ ರಕ್ಷಣೆಯನ್ನು ಬೇರೆಯಾಗಿ ಸೇರಿಸಬಹುದೇ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ.

ಅಲ್ಲಿ ತಲುಪಿದ ಮೇಲೆ

ಪೆಟ್ಟಿಗೆ ಇಳಿಸಿಕೊಳ್ಳುವಾಗಲೇ ಸುತ್ತ ನೋಡಿ. ಜಜ್ಜಿದ್ದರೆ, ಒದ್ದೆಯಾಗಿದ್ದರೆ ಫೋಟೊ ತೆಗೆದು, ಸಹಿ ಹಾಕುವ ಕಾಗದದ ಮೇಲೆಯೇ ಹಾಗೆಂದು ಬರೆಯಿರಿ. ಆಮೇಲೆ ಕೋಣೆಯ ಒಳಗೆ ಒಂದು ದಿನ ಹಾಗೇ ಬಿಡಿ. ಚಳಿಯಲ್ಲಿದ್ದ ಸಾಮಾನನ್ನು ಬೆಚ್ಚನೆಯ ಮನೆಗೆ ತಂದ ತಕ್ಷಣ ಬಿಚ್ಚಿದರೆ ಬೋರ್ಡಿನ ಮೇಲೆ ನೀರಿನ ಹನಿ ಕೂರುತ್ತದೆ.

ಮರುದಿನ ಕ್ಯಾಬಿನೆಟ್ ಬಾಗಿಲು ತೆಗೆದು ಫೋಮ್ ಹೊರಗೆ ಹಾಕಿ. ಸಡಿಲಾದ ಸ್ಕ್ರೂ ಉದುರಿದೆಯೇ ನೋಡಿ, ರ‍್ಯಾಮ್, ವೈರುಗಳನ್ನು ಒಮ್ಮೆ ಒತ್ತಿ ಕೂರಿಸಿ, ಕೂಲರ್, ಗ್ರಾಫಿಕ್ಸ್ ಕಾರ್ಡ್ ಹಾಕಿ. ಕೆಂಪು ಸ್ವಿಚ್ ಸರಿಯಾದ ಕಡೆ ಇದೆಯೇ ಎಂದು ಮತ್ತೊಮ್ಮೆ ನೋಡಿ. ಆ ಊರಿನ ವೈರ್ ಹಾಕಿ, ಮೊದಲ ಸಲ ಬೇರೇನನ್ನೂ ಸಿಕ್ಕಿಸದೆ ಮಾನಿಟರ್, ಕೀಬೋರ್ಡ್ ಮಾತ್ರ ಇಟ್ಟು ಆನ್ ಮಾಡಿ. ಆನ್ ಆಗಿ ಪರದೆ ಖಾಲಿ ಇದ್ದರೆ ಗಾಬರಿ ಬೇಡ, ಹೆಚ್ಚಿನ ಸಲ ರ‍್ಯಾಮೋ ಗ್ರಾಫಿಕ್ಸ್ ಕಾರ್ಡೋ ಸರಿಯಾಗಿ ಕೂತಿರುವುದಿಲ್ಲ. ತೆಗೆದು ಮತ್ತೆ ಹಾಕಿ ನೋಡಿ.

ಎಲ್ಲವೂ ಓಡಿದರೂ ಪೆಟ್ಟಿಗೆ, ಫೋಮ್ ಎಸೆಯಲು ಅವಸರ ಮಾಡಬೇಡಿ. ಹಾನಿ ಆಗಿದ್ದರೆ ವಿಮೆಯವರು ಪ್ಯಾಕಿಂಗ್ ನೋಡಬೇಕೆಂದು ಕೇಳುತ್ತಾರೆ. ದೂರು ಕೊಡುವ ಗಡುವು ಪಾಲಿಸಿಯಲ್ಲಿ ಬರೆದಿರುತ್ತದೆ, ಅದು ಮುಗಿಯುವ ಒಳಗೆ ಪ್ರತಿಯೊಂದು ಸಾಮಾನನ್ನೂ ಒಮ್ಮೆ ಆನ್ ಮಾಡಿ ನೋಡಿಬಿಡಿ, ಅಟ್ಟದ ಮೇಲಿಡುವ ಹಳೆಯ ಸ್ಪೀಕರ್ ಸಮೇತ.